ಪುಣೆಯಲ್ಲಿ ಕಲಿತ ಸರ್ ಎಂ.ವಿ., ಕೋಲ್ಕತ್ತದ ಎಂಜಿನಿಯರರ ಸಂಸ್ಥೆ

ಸೊಲ್ಲಾಪುರ: ಪ್ರತಿ ವರ್ಷ ಸೆಪ್ಟೆಂಬರ್ 15 ಬಂತೆಂದರೆ ಸಾಕು, ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ನೀರಾವರಿ ಕಚೇರಿಗಳಲ್ಲಿ ಮೈಸೂರು ಪೇಟ ಸುತ್ತಿದ ಹಿರಿಯರೊಬ್ಬರ ಫೋಟೊಕ್ಕೆ ಹಾರ ಬೀಳುತ್ತದೆ. ಗಡಿಯ ಆಚೆ ಕನ್ನಡದಲ್ಲಿ ಭಾಷಣ, ಈಚೆ ಮರಾಠಿಯಲ್ಲಿ ಭಾಷಣ. ಫೋಟೊ ಮಾತ್ರ ಒಂದೇ. ಅದು ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರದು. ಕನ್ನಡ ನಾಡಿನವರು ಅಂತ ಗಡಿನಾಡ ಕನ್ನಡಿಗರಿಗೆ ಹೆಮ್ಮೆ. ಪುಣೆಯಲ್ಲಿ ಕಲಿತು ಇಲ್ಲೇ ನೌಕರಿ ಮಾಡಿದವರು ಅಂತ ಮರಾಠಿ ಮಂದಿಗೆ ಅಭಿಮಾನ. ಎರಡೂ ಸರಿಯೇ.

ಅವರ ಹುಟ್ಟುಹಬ್ಬವನ್ನು ಎಂಜಿನಿಯರ್ ದಿನ ಅಂತ 1968ರಿಂದ ಆಚರಿಸಿಕೊಂಡು ಬಂದಿರುವುದು ಕೋಲ್ಕತ್ತದಲ್ಲಿ ಕೇಂದ್ರ ಕಚೇರಿ ಇರುವ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ (ಇಂಡಿಯಾ). ಈ ಸಂಸ್ಥೆಯನ್ನು ಕಟ್ಟಿದವರೂ ಸರ್ ಎಂ.ವಿ. ಅವರೇ ಅಂತ ಎಷ್ಟೋ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಆದರೆ ಅಂಥದೊಂದು ಸಂಸ್ಥೆ ಈ ದೇಶಕ್ಕೆ ಯಾಕೆ ಬೇಕಾಯಿತು ಅನ್ನುವುದಕ್ಕೆ ಅವರ ಬದುಕಿಗಿಂತ ಒಳ್ಳೆಯ ಉತ್ತರ ಸಿಗಲಾರದು.

ಸ್ಕಾಲರ್‌ಶಿಪ್ ಹುಡುಗ

ವಿಶ್ವೇಶ್ವರಯ್ಯ ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ, 1861ರ ಸೆಪ್ಟೆಂಬರ್ 15ರಂದು. ಕೆಲವು ದಾಖಲೆಗಳಲ್ಲಿ 1860 ಅಂತಲೂ ಇದೆ. ಮನೆತನದ ಮೂಲ ಊರು ಆಂಧ್ರದ ಮೋಕ್ಷಗುಂಡಂ. ಮನೆಯ ಮಾತು ತೆಲುಗು, ಹುಟ್ಟಿದ ನೆಲ ಕನ್ನಡದ್ದು, ಮುಂದೆ ದುಡಿದದ್ದು ಮರಾಠಿ ಮುಲುಕಿನಲ್ಲಿ. ಮನೆಯಲ್ಲಿ ಒಂದು, ಸಾಲಿಯಲ್ಲಿ ಇನ್ನೊಂದು, ಬಜಾರದಲ್ಲಿ ಮತ್ತೊಂದು ಮಾತಾಡುವ ಗಡಿ ಭಾಗದ ಕುಟುಂಬಗಳಿಗೆ ಇದು ಹೊಸದಲ್ಲ.

ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹುಡುಗ ಬೆಂಗಳೂರಿಗೆ ಬಂದು, ಉಳ್ಳವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತ ತನ್ನ ಓದಿನ ಖರ್ಚು ತಾನೇ ನೋಡಿಕೊಂಡ. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಯಿತು. ಮುಂದೆ ಎಂಜಿನಿಯರಿಂಗ್ ಓದಬೇಕೆಂದರೆ ಕೈಯಲ್ಲಿ ಹಣವಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದ ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಪುಣೆಯ ಸೈನ್ಸ್ ಕಾಲೇಜಿಗೆ ಕಳಿಸಿತು. ಆ ಕಾಲೇಜೇ ಮುಂದೆ ಪುಣೆ ಎಂಜಿನಿಯರಿಂಗ್ ಕಾಲೇಜು ಅಂತ ಹೆಸರಾಯಿತು. 1883ರ ಎಲ್.ಸಿ.ಇ. ಪರೀಕ್ಷೆಯಲ್ಲಿ ವಿಶ್ವೇಶ್ವರಯ್ಯ ಮೊದಲಿಗರಾಗಿ ಪಾಸಾದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ನೌಕರಿ ಸಿಕ್ಕಿತು.

ನಾಸಿಕದಿಂದ ಸುಕ್ಕೂರಿಗೆ

ಆಗಿನ ಮುಂಬಯಿ ಪ್ರಾಂತ ಅಂದರೆ ಸಣ್ಣದಲ್ಲ. ಸೊಲ್ಲಾಪುರ, ವಿಜಾಪುರ, ಬೆಳಗಾವಿ, ಧಾರವಾಡ ಎಲ್ಲ ಅದರಲ್ಲೇ. ಅತ್ತ ಸಿಂಧ ಪ್ರಾಂತ, ಅರಬಸ್ತಾನದ ಏಡನ್ ಬಂದರಿನ ಆಡಳಿತವೂ ಅದಕ್ಕೇ ಸೇರಿತ್ತು. ಮೊದಲು ನಾಸಿಕ, ಆಮೇಲೆ ಖಾನದೇಶದ ಧುಳೆ. ಅಲ್ಲಿ ಪಾಂಝರಾ ನದಿಯ ಮಳೆಗಾಲದ ಸೆಳವಿನಲ್ಲಿ ಸೈಫನ್ ಪೈಪು ಕೂಡಿಸುವ ಕೆಲಸ ಹೊಸ ಎಂಜಿನಿಯರನಿಗೆ ಮೊದಲ ದೊಡ್ಡ ಪರೀಕ್ಷೆಯಾಯಿತು.

1894ರ ಸುಮಾರಿಗೆ ಈಗ ಪಾಕಿಸ್ತಾನದಲ್ಲಿರುವ ಸುಕ್ಕೂರಿಗೆ ಕುಡಿಯುವ ನೀರಿನ ಕೆಲಸ ಬಂತು. ಸಿಂಧೂ ನದಿಯ ನೀರು ಕೆಸರು. ಸೋಸುವ ದೊಡ್ಡ ತೊಟ್ಟಿ ಕಟ್ಟಲು ಮುನಸಿಪಾಲಿಟಿಯ ಹತ್ತಿರ ದುಡ್ಡಿಲ್ಲ. ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ತಾನಾಗಿ ಸೋಸಿ ಬಂದ ನೀರನ್ನು ದಂಡೆಗೆ ತಂದು ಪಂಪಿನಿಂದ ಮೇಲೆತ್ತಿಸಿದರು. ಹೊಳೆಯ ಉಸುಕಿನಲ್ಲಿ ಒರತೆ ತೋಡಿ ಕೊಡ ತುಂಬಿಕೊಳ್ಳುವ ನಮ್ಮ ಕಡೆಯ ಹೆಣ್ಣುಮಕ್ಕಳ ಯುಕ್ತಿಯೂ ಇದೇ. ಮುಂದೆ ಕೊಲ್ಲಾಪುರ, ಧಾರವಾಡ, ವಿಜಾಪುರದಂಥ ಊರುಗಳ ನೀರಿನ ಯೋಜನೆಗಳಿಗೂ ಅವರ ಸಲಹೆ ಸಿಕ್ಕಿತು. 1906ರಲ್ಲಿ ಏಡನ್ನಿಗೂ ಹೋಗಿ ನೀರು ಮತ್ತು ಗಟಾರದ ವ್ಯವಸ್ಥೆಯ ವರದಿ ಕೊಟ್ಟು ಬಂದರು.

ಗೇಟು ಮತ್ತು ಕಬ್ಬು

ಅವರ ಹೆಸರು ದೂರ ದೂರ ಹೋದದ್ದು ಪುಣೆಯ ಖಡಕವಾಸಲಾ ಕೆರೆಯಿಂದ. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಸುಮ್ಮನೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಕೊರತೆ ಬೀಳುತ್ತಿತ್ತು. ಕಟ್ಟೆಯನ್ನು ಎತ್ತರಿಸದೆ, ಕೋಡಿಯ ಮೇಲೆ ತಾವಾಗಿ ತೆರೆದು ಮುಚ್ಚಿಕೊಳ್ಳುವ ಗೇಟುಗಳನ್ನು 1903ರಲ್ಲಿ ಕೂಡಿಸಿದರು. ಇದರಿಂದ ಸುಮಾರು 8 ಅಡಿ ಹೆಚ್ಚಿಗೆ ನೀರು ನಿಲ್ಲಿಸಲು ಸಾಧ್ಯವಾಯಿತು. ನೀರು ಆ ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಇದೇ ಬಗೆಯ ಗೇಟು ಮುಂದೆ ಗ್ವಾಲಿಯರದ ತಿಗ್ರಾ ಅಣೆಕಟ್ಟಿಗೂ, ಮೈಸೂರಿನ ಕೃಷ್ಣರಾಜಸಾಗರಕ್ಕೂ ಬಂತು.

ಇನ್ನೊಂದು ಕೆಲಸ ನೀರಾ ಕಾಲುವೆಯ ರೈತರದು. ಕಾಲುವೆಯ ಮೇಲ್ಭಾಗದ ಕೆಲವರು ವರ್ಷವಿಡೀ ಕಬ್ಬಿಗೆ ನೀರು ಬಿಟ್ಟುಕೊಳ್ಳುತ್ತಿದ್ದರು. ಅವರ ಹೊಲ ಜವುಳು ಹಿಡಿಯುತ್ತಿತ್ತು, ಕೆಳಗಿನವರ ಹೊಲ ಒಣಗುತ್ತಿತ್ತು. ವಿಶ್ವೇಶ್ವರಯ್ಯ 1899ರ ಸುಮಾರಿಗೆ ಬ್ಲಾಕ್ ಪದ್ಧತಿ ತಂದರು. ಒಂದೊಂದು ಹಳ್ಳಿಯ ಹೊಲಗಳನ್ನು ಬ್ಲಾಕುಗಳಾಗಿ ಗುರುತಿಸಿ, ಒಂದು ಪಾಲಿನಲ್ಲಿ ಮಾತ್ರ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಪೀಕು, ಸರದಿಯ ಪ್ರಕಾರ ನೀರು. ಮೊದಮೊದಲು ರೈತರೂ ಪತ್ರಿಕೆಗಳೂ ಇದನ್ನು ಜೋರಾಗಿ ವಿರೋಧಿಸಿದರು. ಹೊಲಕ್ಕೇ ಹೋಗಿ ಕೂತು ತಿಳಿಸಿ ಹೇಳಿದ ಮೇಲೆ ಒಪ್ಪಿಗೆ ಸಿಕ್ಕಿತು. ಕಬ್ಬು ಯಾರಿಗೆ, ನೀರು ಯಾರಿಗೆ ಅನ್ನುವ ಜಗಳ ಸೊಲ್ಲಾಪುರ ಜಿಲ್ಲೆಗೆ ಇವತ್ತೂ ಹೊಸದಲ್ಲ. ಆದ್ದರಿಂದ ಆ ನೂರು ವರ್ಷ ಹಿಂದಿನ ಲೆಕ್ಕ ಹಳೆಯದು ಅಂತ ತಳ್ಳಿ ಹಾಕುವ ಹಾಗಿಲ್ಲ.

ಸಿಗದೇ ಹೋದ ಕುರ್ಚಿ

ಇಷ್ಟೆಲ್ಲ ಮಾಡಿದ ಮನುಷ್ಯ 1908ರಲ್ಲಿ, ಇನ್ನೂ 50 ದಾಟದ ವಯಸ್ಸಿನಲ್ಲಿ, ನೌಕರಿ ಬಿಡಲು ಅರ್ಜಿ ಹಾಕಿದರು. ಕಾರಣ ಸರಳ. ಹಲವು ಹಿರಿಯರನ್ನು ದಾಟಿ ಅವರು ಸೂಪರಿಂಟೆಂಡಿಂಗ್ ಎಂಜಿನಿಯರ್ ಆಗಿದ್ದರು. ಅದರ ಮೇಲಿನ ಚೀಫ್ ಎಂಜಿನಿಯರ್ ಕುರ್ಚಿ ಆ ಕಾಲದಲ್ಲಿ ಭಾರತೀಯನಿಗೆ ಸಿಗುವ ಲಕ್ಷಣ ಇರಲಿಲ್ಲ. ಭಾರತದ ಲೋಕೋಪಯೋಗಿ ಇಲಾಖೆಯ ಮೇಲಿನ ಹುದ್ದೆಗಳಿಗಾಗಿಯೇ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಒಂದು ಕಾಲೇಜು ಇತ್ತು, ಅದು ಮುಚ್ಚಿದ್ದು 1906ರಲ್ಲಿ. ಇಲ್ಲಿಯ ಕಾಲೇಜಿನಲ್ಲಿ ಕಲಿತವನು ಎಷ್ಟೇ ಜಾಣನಿದ್ದರೂ ಅವನ ಯೋಗ್ಯತೆಯ ತೀರ್ಪು ಲಂಡನ್ನಿನಲ್ಲೇ ಆಗಬೇಕಿತ್ತು.

ಕೆಲಸದಿಂದ ಬಿಡುಗಡೆಯಾಗಿ ಯುರೋಪಿನಲ್ಲಿ ತಿರುಗಾಡುತ್ತಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಮಂದಿ ಸತ್ತಿದ್ದರು. ನದಿಯ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಪ್ರವಾಹ ತಡೆಯಬೇಕೆಂದು ವಿಶ್ವೇಶ್ವರಯ್ಯ ಯೋಜನೆ ಕೊಟ್ಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು.

ಮುಂಬಯಿ ಕೊಡದ ಕುರ್ಚಿಯನ್ನು 1909ರಲ್ಲಿ ಮೈಸೂರು ಕೊಟ್ಟಿತು. ಅಲ್ಲಿ ಚೀಫ್ ಎಂಜಿನಿಯರ್ ಆಗಿ 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರು ಮಾಡಿಸಿದರು. 1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕು 1913ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಬಂದದ್ದು ಅವರ ದಿವಾನಗಿರಿಯಲ್ಲೇ.

ದಿವಾನಗಿರಿ ಮುಗಿದದ್ದು ಮಾತ್ರ ಭಿನ್ನಾಭಿಪ್ರಾಯದಲ್ಲಿ. ಹಿಂದುಳಿದ ಜಾತಿಗಳಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕೆಂಬ ಕೂಗು ಎದ್ದಿತ್ತು, ಮಹಾರಾಜರು ಅದಕ್ಕೆ ಒಲಿದಿದ್ದರು. ವಿಶ್ವೇಶ್ವರಯ್ಯ ಮಾತ್ರ ಯೋಗ್ಯತೆಯೊಂದೇ ಅಳತೆಯಾಗಬೇಕು ಅಂತ ಹಟ ಹಿಡಿದು 1918ರಲ್ಲಿ ರಾಜೀನಾಮೆ ಕೊಟ್ಟರು. ತಾವೇ ಸರ್ಕಾರದ ಸ್ಕಾಲರ್‌ಶಿಪ್ಪಿನಿಂದ ಮೇಲೆ ಬಂದವರು, ತಾವೇ ಮುಚ್ಚಿದ ಬಾಗಿಲಿನ ಮುಂದೆ ನಿಂತವರು, ಹೀಗಿದ್ದೂ ಈ ನಿಲುವು ಯಾಕೆ ಅಂತ ಇವತ್ತಿಗೂ ಚರ್ಚೆ ನಡೆಯುತ್ತದೆ. ಅದೇ ವೇಳೆ ನೇಮಕವಾದ ಮಿಲ್ಲರ್ ಸಮಿತಿಯ ವರದಿ ಮೈಸೂರಿನಲ್ಲಿ ಮೀಸಲಾತಿಗೆ ದಾರಿ ಮಾಡಿತು.

ಎಂಜಿನಿಯರರ ಮನೆ

ಅದೇ ಹೊತ್ತಿಗೆ ದೇಶದ ಮಟ್ಟದಲ್ಲಿ ಇನ್ನೊಂದು ಬಾಗಿಲು ತೆರೆಯುತ್ತಿತ್ತು. 1916ರಿಂದ 1918ರವರೆಗೆ ಕೆಲಸ ಮಾಡಿದ ಸರ್ ಥಾಮಸ್ ಹಾಲೆಂಡ್ ಅವರ ಕೈಗಾರಿಕಾ ಆಯೋಗದ ವಿಚಾರಗಳ ಬೆನ್ನಲ್ಲೇ ಭಾರತದ ಎಂಜಿನಿಯರರಿಗೆ ತಮ್ಮದೇ ಸಂಸ್ಥೆ ಬೇಕೆಂಬ ಮಾತು ಬಲವಾಯಿತು. 1920ರಲ್ಲಿ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನೋಂದಣಿಯಾಯಿತು. 1921ರ ಫೆಬ್ರವರಿ 23ರಂದು ಕಲ್ಕತ್ತಾದಲ್ಲಿ ವೈಸರಾಯ್ ಚೆಮ್ಸ್‌ಫರ್ಡ್ ಉದ್ಘಾಟಿಸಿದರು. ಆರಂಭದ ಮುಂದಾಳುಗಳಲ್ಲಿ ಬಂಗಾಳದ ಸರ್ ರಾಜೇಂದ್ರನಾಥ ಮುಖರ್ಜಿ ಪ್ರಮುಖರು. 1935ರಲ್ಲಿ ಸಂಸ್ಥೆಗೆ ರಾಜಸನದು, ಅಂದರೆ ರಾಯಲ್ ಚಾರ್ಟರ್ ಸಿಕ್ಕಿತು. ವಿಶ್ವೇಶ್ವರಯ್ಯ ಅವರನ್ನು 1943ರಲ್ಲಿ ಸಂಸ್ಥೆ ಗೌರವ ಆಜೀವ ಸದಸ್ಯರನ್ನಾಗಿ ಆರಿಸಿಕೊಂಡಿತು.

ಇದರ ಕೆಲಸ ಏನಪ್ಪಾ ಅಂದರೆ, ಮೊದಲನೆಯದು ಯಾರು ಎಂಜಿನಿಯರ್ ಅನ್ನುವುದಕ್ಕೆ ದೇಶದೊಳಗೇ ಒಂದು ಅಳತೆ ಇಡುವುದು. ವಕೀಲರಿಗೆ ಬಾರ್ ಕೌನ್ಸಿಲ್, ಡಾಕ್ಟರರಿಗೆ ಮೆಡಿಕಲ್ ಕೌನ್ಸಿಲ್ ಕಾನೂನಿನಿಂದ ಬಂದವು. ಎಂಜಿನಿಯರರಿಗೆ ಹಲವು ದಶಕ ಅಂಥ ಕಾನೂನೇ ಬರಲಿಲ್ಲ. ಆ ಖಾಲಿ ಜಾಗದಲ್ಲಿ ಸದಸ್ಯತ್ವ, ಫೆಲೋ, ಚಾರ್ಟರ್ಡ್ ಎಂಜಿನಿಯರ್ ಎಂಬ ಮಾನ್ಯತೆಗಳನ್ನು ಈ ಸಂಸ್ಥೆ ಕೊಡುತ್ತ ಬಂತು. ಎರಡನೆಯದು, ಒಬ್ಬರು ಮಾಡಿದ ಕೆಲಸವನ್ನು ಹತ್ತು ಮಂದಿ ಪರೀಕ್ಷಿಸುವಂತೆ ಸಭೆ ಕರೆಯುವುದು, ಪ್ರಬಂಧ ಅಚ್ಚು ಹಾಕಿಸುವುದು.

ಇದು ಬರೀ ಶೋಭೆಯ ಕೆಲಸವಲ್ಲ. 1961ರ ಜುಲೈ 12ರಂದು ಪಾನಶೇತದಲ್ಲಿ ಇನ್ನೂ ಪೂರ್ತಿಯಾಗದ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕವಾಸಲಾ ಕಟ್ಟೆಯೂ ಒಡೆದು ಪುಣೆ ಮುಳುಗಿತು. ವಿಶ್ವೇಶ್ವರಯ್ಯ ತಮ್ಮ ಗೇಟು ಕೂಡಿಸಿದ ಕಟ್ಟೆ ಅದು, ಅವರಿನ್ನೂ ಬದುಕಿದ್ದರು. ಎಂಜಿನಿಯರನ ತಪ್ಪು ಕಡತದಲ್ಲಿ ಉಳಿಯುವುದಿಲ್ಲ, ಊರಿಗೇ ನುಗ್ಗುತ್ತದೆ ಅನ್ನುವುದನ್ನು ಪುಣೆಯ ಮಂದಿ ಕಣ್ಣಾರೆ ಕಂಡರು.

ಡಿಪ್ಲೊಮಾದವರ ಏಣಿ

ಮೂರನೆಯ ಕೆಲಸವೇ ಬಡವರ ಮನೆಗೆ ಹತ್ತಿರವಾದದ್ದು. 1928ರಲ್ಲಿ ಸಂಸ್ಥೆ ಪರೀಕ್ಷೆ ಶುರು ಮಾಡಿತು. ಮುಂದೆ ಎ.ಎಂ.ಐ.ಇ. ಅಂತ ಹೆಸರಾದದ್ದು ಇದೇ. ಎ ಸೆಕ್ಷನ್, ಬಿ ಸೆಕ್ಷನ್ ಎರಡೂ ಪಾಸಾದರೆ ಎಂಜಿನಿಯರಿಂಗ್ ಪದವಿಗೆ ಸಮ ಅಂತ ಸರ್ಕಾರ ಒಪ್ಪಿಕೊಂಡಿತ್ತು. ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದ ಮೇಸ್ತ್ರಿಯ ಮಗ, ಗಿರಣಿ ಕಾರ್ಮಿಕನ ಮಗ, ರೈಲ್ವೆಯ ನೌಕರ ರಾತ್ರಿ ದೀಪದ ಕೆಳಗೆ ಓದಿ, ರಜೆ ಹಾಕಿ ಪರೀಕ್ಷೆ ಬರೆದು ಎಂಜಿನಿಯರ್ ಅನಿಸಿಕೊಳ್ಳುವ ದಾರಿ ಇದಾಯಿತು. ಕಾಲೇಜಿಗೆ ಡೊನೇಶನ್ ಕೊಡಲಾಗದ ಮನೆಗಳಿಗೆ ಇದೇ ಏಣಿ.

ಈ ಏಣಿಯ ಸ್ಥಿತಿ ಈಗ ಬದಲಾಗಿದೆ. 2012ರ ಡಿಸೆಂಬರಿನಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಹೊರಡಿಸಿದ ಆದೇಶದಂತೆ, 2013ರ ಮೇ 31ರ ಒಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಪದವಿಯ ಸಮಾನ ಮಾನ್ಯತೆ ಉಳಿಯಿತು. ಆದ್ದರಿಂದ ಮಕ್ಕಳನ್ನು ಇಂಥ ಯಾವುದೇ ಪರೀಕ್ಷೆಗೆ ಕಟ್ಟಿಸುವ ಮುನ್ನ, ಅದು ಯಾವ ನೌಕರಿಗೆ ನಡೆಯುತ್ತದೆ ಅಂತ ಪಾಲಕರು ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಯ ತನಕ ದುಡಿಮೆ

ದಿವಾನಗಿರಿ ಬಿಟ್ಟ ಮೇಲೂ ವಿಶ್ವೇಶ್ವರಯ್ಯ ಸುಮ್ಮನೆ ಕೂಡಲಿಲ್ಲ. 1921-22ರಲ್ಲಿ ಮುಂಬಯಿ ಪ್ರಾಂತದ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದ ಕಾಲದಲ್ಲಿ ಕೈಗೆತ್ತಿಕೊಂಡು ನಡೆಸಿದರು. 1934ರಲ್ಲಿ ದೇಶಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದರು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆರಂಭವಾಗಲು ಅವರೇ ಕಾರಣರಾದರು. 90 ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅಂತ ಜಾಗ ನೋಡಲು ಹೋದರು. 1955ರಲ್ಲಿ ಭಾರತರತ್ನ ಬಂತು. 1960ರಲ್ಲಿ ಅವರು ಬದುಕಿರುವಾಗಲೇ ಅಂಚೆ ಚೀಟಿ ಹೊರಬಂತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಸೆಪ್ಟೆಂಬರ್ 15ರ ಸಮಾರಂಭಕ್ಕೆ ಈ ಸಂಸ್ಥೆ ವರ್ಷಕ್ಕೊಂದು ವಿಷಯ ಗೊತ್ತುಪಡಿಸುತ್ತದೆ. ಗಡಿ ಭಾಗದ ಸಾಲಿ, ಸಂಘಗಳಲ್ಲಿ ಆ ದಿನ ಹಾರ ಹಾಕುವುದರ ಜೊತೆಗೆ, ಊರ ಕೆರೆಯ ಕೋಡಿ ಗಟ್ಟಿ ಇದೆಯೋ ಇಲ್ಲವೋ, ಕಾಲುವೆಯ ನೀರು ತುದಿಯ ಹೊಲದ ತನಕ ಹೋಗುತ್ತದೋ ಇಲ್ಲವೋ ಅಂತ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದರೆ ಸರ್ ಎಂ.ವಿ. ಅವರಿಗೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ.