ನೇಗಿಲು ಎತ್ತುವ ಲಿಫ್ಟ್ ಕೊಟ್ಟ ಹ್ಯಾರಿ ಫರ್ಗ್ಯೂಸನ್

ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ರಜತ ಮಹೋತ್ಸವ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ನೀವೂ ಒಂದು ಲೇಖನ ಬರೆದುಕೊಡಿ ಎಂದು ಸಂಚಿಕೆಯವರು ಕೇಳಿದರು. ಸಾಲ, ಗೊಬ್ಬರ, ಹಾಲಿನ ವಿಚಾರ ಬೇರೆಯವರು ಬರೆಯುತ್ತಾರೆ. ನಮ್ಮ ಸದಸ್ಯರಲ್ಲಿ ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡಿರುವವರು ಬಹಳ ಮಂದಿ. ಉಳುಮೆ ಹೊತ್ತಿಗೇ ಲಿಫ್ಟ್ ಏಳೋದಿಲ್ಲ ಅಂತ ಕೈಕಟ್ಟಿ ಕೂರುವುದು ಎಲ್ಲರಿಗೂ ಗೊತ್ತಿರುವ ಕಷ್ಟ. ಆದ್ದರಿಂದ ಆ ಲಿಫ್ಟನ್ನು ಕೊಟ್ಟ ಮಹನೀಯರ ಜೀವನವನ್ನೇ ತಿಳಿಸೋಣ ಎಂದುಕೊಂಡೆವು. ಅವರು ಅದನ್ನು ಯಾಕೆ ಮಾಡಿದರು ಅಂತ ಗೊತ್ತಾದರೆ, ಅದು ಕೆಟ್ಟಾಗ ಎಲ್ಲಿ ನೋಡಬೇಕು ಎಂಬುದೂ ಅರ್ಧ ಗೊತ್ತಾದ ಹಾಗೆ.

ಹ್ಯಾರಿ ಫರ್ಗ್ಯೂಸನ್ ಅವರು 1884ರ ನವೆಂಬರ್ 4ರಂದು ಐರ್ಲೆಂಡಿನ ಡೌನ್ ಜಿಲ್ಲೆಯ ಗ್ರೋವೆಲ್ ಎಂಬಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಹೊಲದ ದುಡಿಮೆ ಅವರಿಗೆ ಹಿಡಿಸಲಿಲ್ಲ. 1902ರಲ್ಲಿ ಬೆಲ್‌ಫಾಸ್ಟ್ ಪಟ್ಟಣಕ್ಕೆ ಹೋಗಿ ಅಣ್ಣನ ಸೈಕಲ್ ಮತ್ತು ಕಾರು ರಿಪೇರಿ ಅಂಗಡಿ ಸೇರಿದರು. ಕೈಚಳಕ ಎಂಥದೆಂದರೆ, ತಾವೇ ವಿಮಾನ ಕಟ್ಟಿ 1909ರ ಡಿಸೆಂಬರ್ 31ರಂದು ಸುಮಾರು 130 ಗಜ ಹಾರಿಸಿದರು. ಐರ್ಲೆಂಡಿನಲ್ಲಿ ವಿಮಾನ ಹಾರಿಸಿದವರಲ್ಲಿ ಅವರೇ ಮೊದಲಿಗರು. 1911ರಲ್ಲಿ ಸ್ವಂತ ಅಂಗಡಿ ತೆರೆದರು. ವಿಲ್ಲಿ ಸ್ಯಾಂಡ್ಸ್ ಎಂಬ ನುರಿತ ಮೆಕ್ಯಾನಿಕ್ ಅವರ ಬಲಗೈಯಾಗಿ ನಿಂತರು.

ಮೊದಲ ಮಹಾಯುದ್ಧದ ಕಾಲ. 1917ರಲ್ಲಿ ಐರ್ಲೆಂಡಿನ ಸರ್ಕಾರಿ ಟ್ರ್ಯಾಕ್ಟರುಗಳ ಕೆಲಸ ಸುಧಾರಿಸುವ ಹೊಣೆ ಅವರಿಗೆ ಬಂತು. ಊರೂರು ತಿರುಗಿ ನೋಡಿದರು. ಎತ್ತಿನ ಹಿಂದೆ ನೇಗಿಲು ಕಟ್ಟುವ ಹಾಗೆ ಟ್ರ್ಯಾಕ್ಟರ್ ಹಿಂದೆ ಭಾರದ ನೇಗಿಲು ಕಟ್ಟಿ ಎಳೆಸುತ್ತಿದ್ದರು. ಗಾಲಿಗೆ ಹಿಡಿತ ಬೇಕೆಂದು ಟ್ರ್ಯಾಕ್ಟರನ್ನೇ ಭಾರ ಮಾಡುತ್ತಿದ್ದರು, ಆ ಭಾರಕ್ಕೆ ನೆಲ ಗಟ್ಟಿಯಾಗುತ್ತಿತ್ತು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು ಚಾಲಕನ ಮೇಲೇ ಮಗುಚುತ್ತಿತ್ತು. ಹೀಗೆ ಸತ್ತವರು ಅನೇಕರು.

ಟ್ರ್ಯಾಕ್ಟರೂ ನೇಗಿಲೂ ಎರಡಲ್ಲ, ಒಂದೇ ಯಂತ್ರ ಆಗಬೇಕು ಎಂದು ಫರ್ಗ್ಯೂಸನ್ ತೀರ್ಮಾನಿಸಿದರು. ವರ್ಷಗಟ್ಟಲೆ ಪ್ರಯೋಗ ಮಾಡಿ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ಕಡೆ ಕೊಂಡಿ ಹಾಕುವ ಜೋಡಣೆಗೆ ಬಂದರು. ಎಣ್ಣೆಯ ಒತ್ತಡದಿಂದ ಅದನ್ನು ನಿಯಂತ್ರಿಸುವ ವಿಧಾನಕ್ಕೆ 1926ರ ಹೊತ್ತಿಗೆ ಪೇಟೆಂಟ್ ಪಡೆದರು. ಗಟ್ಟಿ ನೆಲ ಬಂದಾಗ ನೇಗಿಲಿನ ಒತ್ತಡ ಮೇಲಿನ ಟಾಪ್ ಲಿಂಕ್ ಮೂಲಕ ಮುಂದಕ್ಕೆ ಬಂದು ಒಂದು ಸ್ಪ್ರಿಂಗನ್ನು ಅದುಮುತ್ತದೆ. ಅದು ವಾಲ್ವನ್ನು ಸರಿಸುತ್ತದೆ, ಪಂಪು ಎಣ್ಣೆ ಕಳಿಸುತ್ತದೆ, ನೇಗಿಲು ತುಸು ಏಳುತ್ತದೆ. ನೇಗಿಲಿನ ಭಾರ ಹಿಂದಿನ ಗಾಲಿಗೆ ಬಿದ್ದು ಹಿಡಿತ ಹೆಚ್ಚುತ್ತದೆ. ನೆಲ ಮೆತ್ತಗಾದರೆ ನೇಗಿಲು ತಾನಾಗಿ ಇಳಿಯುತ್ತದೆ. ಹಾಗಾಗಿ ಹಗುರ ಟ್ರ್ಯಾಕ್ಟರೇ ಸಾಕಾಯಿತು. ನಾವು ಬರೀ ಎತ್ತಿ ಇಳಿಸೋ ಜಾಕ್ ಅಂದುಕೊಂಡಿರುವುದು ನಿಜಕ್ಕೂ ನೆಲ ಅರಿತು ಕೆಲಸ ಮಾಡುವ ಕೈ.

1936ರಲ್ಲಿ ಡೇವಿಡ್ ಬ್ರೌನ್ ಕಾರ್ಖಾನೆಯಲ್ಲಿ ಈ ಲಿಫ್ಟಿನ ಟ್ರ್ಯಾಕ್ಟರ್ ತಯಾರಾಯಿತು. 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್ ಅವರಿಗೆ ತೋರಿಸಿದರು. ಫೋರ್ಡ್ ಮೆಚ್ಚಿ ಕೈಕುಲುಕಿದರು. ಒಪ್ಪಂದ ಅಷ್ಟೇ, ಕಾಗದ ಪತ್ರ ಏನೂ ಇಲ್ಲ. 1939ರಿಂದ ಇಬ್ಬರ ಹೆಸರಿನ ಟ್ರ್ಯಾಕ್ಟರ್ 3 ಲಕ್ಷಕ್ಕೂ ಹೆಚ್ಚು ತಯಾರಾದವು. ಫೋರ್ಡ್ ಮೊಮ್ಮಗನ ಕೈಗೆ ಆಡಳಿತ ಹೋದಮೇಲೆ 1947ರಲ್ಲಿ ಸಂಬಂಧ ಮುರಿಯಿತು, ಅದೇ ಬಗೆಯ ಲಿಫ್ಟ್ ಹಾಕಿ ಕಂಪನಿ ತಾನೇ ಮಾರತೊಡಗಿತು. ಫರ್ಗ್ಯೂಸನ್ 1948ರಲ್ಲಿ ದಾವೆ ಹೂಡಿದರು. 1952ರಲ್ಲಿ 92 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು. ಎಷ್ಟೇ ನಂಬಿಕಸ್ಥರಾದರೂ ನಡಾವಳಿ ಪುಸ್ತಕದಲ್ಲಿ ಬರೆಸಿಬಿಡಿ ಅಂತ ನಮ್ಮ ಸಂಘದಲ್ಲಿ ಹಟ ಹಿಡಿಯುವುದು ಇದಕ್ಕೇ.

ಅಷ್ಟರಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವರ ಟಿ.ಇ. 20 ಎಂಬ ಪುಟ್ಟ ಬೂದು ಬಣ್ಣದ ಟ್ರ್ಯಾಕ್ಟರ್ 5 ಲಕ್ಷಕ್ಕೂ ಮಿಕ್ಕಿ ಹೊರಬಂದವು. 1953ರಲ್ಲಿ ಕಂಪನಿಯು ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು, 1958ರಲ್ಲಿ ಮ್ಯಾಸಿ ಫರ್ಗ್ಯೂಸನ್ ಎಂಬ ಹೆಸರಾಯಿತು. 1960ರ ಅಕ್ಟೋಬರ್ 25ರಂದು ಅವರು ತೀರಿಕೊಂಡರು. ಅದೇ ವರ್ಷ ಮದರಾಸಿನಲ್ಲಿ ಟಾಫೆ ಕಂಪನಿ ಶುರುವಾಯಿತು. ನಮ್ಮ ಕಡೆ ಮ್ಯಾಸಿ ಗಾಡಿ ಬಂದದ್ದು ಹಾಗೆ. ಮೂರು ಕೊಂಡಿಯ ಜೋಡಣೆಯಂತೂ ಬೇರೆ ಕಂಪನಿ ಗಾಡಿಗಳಲ್ಲೂ ಇದೆ.

ಈಗ ರಿಪೇರಿ ವಿಚಾರ. ಲಿಫ್ಟ್ ಏಳದಿದ್ದರೆ ಕೂಡಲೇ ಬಿಚ್ಚಿಸಬೇಡಿ. ಫರ್ಗ್ಯೂಸನ್ ಕಾಲದ ಮಾದರಿಗಳಲ್ಲಿ ಪಂಪು ತಿರುಗುವುದು ಪಿ.ಟಿ.ಓ. ಶಾಫ್ಟಿನಿಂದ. ಆ ಲಿವರ್ ಬಿದ್ದಿದೆಯಾ ಮೊದಲು ನೋಡಿ. ಆಮೇಲೆ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ ಎಣ್ಣೆ ಮಟ್ಟ ನೋಡಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಿಸಲೇಬೇಕು. ಜಾಲರಿಯಲ್ಲಿ ಕೆಸರು ಕಟ್ಟಿದ್ದರೂ ಪಂಪಿಗೆ ಎಣ್ಣೆ ಸಿಗದು. ತಣ್ಣಗಿರುವಾಗ ಎತ್ತಿ, ಬಿಸಿಯಾದಮೇಲೆ ಸೋತರೆ ಪಂಪು ಸವೆದಿರಬಹುದು, ಇಲ್ಲವೇ ಒಳಗೆ ಎಲ್ಲೋ ಎಣ್ಣೆ ಸೋರುತ್ತಿರಬಹುದು. ಇಂಜಿನ್ ಓಡುವಾಗ ನಿಂತು, ಆರಿಸಿದ ಕೂಡಲೇ ನೇಗಿಲು ಇಳಿದುಬಿಟ್ಟರೆ ಸಿಲಿಂಡರಿನ ರಿಂಗ್ ಅಥವಾ ವಾಲ್ವ್ ಸೋರುತ್ತಿದೆ. ಎತ್ತಿದ ಮೇಲೆ ತಲೆ ಆಡಿಸಿದ ಹಾಗೆ ಕುಣಿದರೂ ಸೋರಿಕೆಯೇ, ಇಳಿದಷ್ಟನ್ನು ಪಂಪು ಮತ್ತೆ ಮತ್ತೆ ಎತ್ತುತ್ತಿರುತ್ತದೆ. ಎತ್ತೋದು ಸರಿಯಿದ್ದು ಉಳುಮೆ ಆಳ ಮಾತ್ರ ಹೆಚ್ಚುಕಡಿಮೆ ಆದರೆ ಟಾಪ್ ಲಿಂಕ್ ಮತ್ತು ಅದರ ಸ್ಪ್ರಿಂಗ್ ಸಡಿಲವಾಗಿದೆಯಾ ನೋಡಿ. ಇಷ್ಟು ನೋಡಿಟ್ಟುಕೊಂಡು ಮೆಕ್ಯಾನಿಕ್ ಹತ್ತಿರ ಹೋದರೆ ಸುಮ್ಮಸುಮ್ಮನೆ ಪಂಪು ಬದಲಿಸುವ ಖರ್ಚು ಉಳಿದೀತು.

ಕೊನೆಯದಾಗಿ ಒಂದು ಮಾತು, ದಯಮಾಡಿ ಮನೆ ಹುಡುಗರಿಗೂ ಹೇಳಿ. ಎತ್ತಿ ನಿಲ್ಲಿಸಿದ ಕಲ್ಟಿವೇಟರ್ ಕೆಳಗೆ ಕೈಯನ್ನೂ ಹಾಕಬಾರದು. ಎಣ್ಣೆ ಸೋರಿದರೆ ಅದು ಹೇಳದೆ ಕೇಳದೆ ಇಳಿಯುತ್ತದೆ. ಗಟ್ಟಿ ಮರದ ದಿಮ್ಮಿ ಕೊಟ್ಟು, ಇಲ್ಲವೇ ನೆಲಕ್ಕೆ ಇಳಿಸಿಯೇ ಕೆಲಸ ಮಾಡಿ. ಬೊಡ್ಡೆ ಎಳೆಯುವಾಗ, ಹೂತ ಗಾಡಿ ಎಳೆಯುವಾಗ ಸರಪಳಿಯನ್ನು ಟಾಪ್ ಲಿಂಕ್ ಜಾಗಕ್ಕೆ ಕಟ್ಟಬೇಡಿ, ಕೆಳಗಿನ ಡ್ರಾಬಾರಿಗೇ ಕಟ್ಟಿ. ಮೇಲೆ ಕಟ್ಟಿದರೆ ಮುಂದಿನ ಗಾಲಿ ಎದ್ದು ಗಾಡಿ ಮಗುಚುವುದು 1917ರಲ್ಲಿ ಹೇಗೋ ಇಂದಿಗೂ ಹಾಗೇ. ಆ ಸಾವು ತಪ್ಪಿಸಲೆಂದೇ ಒಬ್ಬ ರೈತನ ಮಗ ಇಷ್ಟು ವರ್ಷ ಶ್ರಮಪಟ್ಟರು. ಅವರ ಶ್ರಮ ನಮ್ಮ ಸದಸ್ಯರ ಮನೆಗಳನ್ನು ಕಾಯಲಿ, ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.