ನಾದವನ್ನು ಕಣ್ಣಾರೆ ಕಂಡ ಸಿ.ವಿ. ರಾಮನ್

ಪ್ರತಿ ವರ್ಷ ಫೆಬ್ರವರಿ 28ರಂದು ಶಾಲೆಗಳಲ್ಲಿ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ಬೆಳಕಿನ ಚದುರುವಿಕೆ, 1930ರ ನೊಬೆಲ್, 1954ರ ಭಾರತರತ್ನ, ಇಷ್ಟು ಭಾಷಣದಲ್ಲಿ ಬರುತ್ತದೆ. ಆದರೆ ಬೆಳಕಿನ ಕಡೆಗೆ ಪೂರ್ತಿ ಹೊರಳುವ ಮುಂಚೆ ಅವರು ವರ್ಷಗಟ್ಟಲೆ ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ಹಿಂದೆ ಬಿದ್ದಿದ್ದರು. ಆ ಮಾತು ಭಾಷಣದಲ್ಲಿ ಬರುವುದಿಲ್ಲ. ಅದನ್ನೇ ಇಲ್ಲಿ ಬರೆಯಬೇಕೆನಿಸಿತು.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರು, ಪಿಟೀಲು ನುಡಿಸುತ್ತಿದ್ದರು. ಮುಂದೆ ಕೈಹಿಡಿದ ಲೋಕಸುಂದರಿಯವರು ವೀಣೆ ಬಲ್ಲವರು. 1907ರಲ್ಲಿ ಎಂ.ಎ. ಮುಗಿಸಿ, ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ, ಕಲ್ಕತ್ತೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾದರು. ಅಲ್ಲಿನ ಬೌಬಜಾರ್ ರಸ್ತೆಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ವಿಜ್ಞಾನ ಸಂಸ್ಥೆಯಿತ್ತು. ಆಫೀಸಿಗೆ ಹೋಗುವ ಮುಂಚೆ ಅಲ್ಲಿ, ಆಫೀಸು ಮುಗಿದ ಮೇಲೂ ಅಲ್ಲಿ. ಜೊತೆಗೆ ಆಶುತೋಷ್ ಡೇ ಎಂಬ ಸಹಾಯಕರು. ದೊಡ್ಡ ಯಂತ್ರಗಳಿರಲಿಲ್ಲ, ತಂತಿಗೆ, ಮರಳಿಗೆ ದೊಡ್ಡ ಯಂತ್ರ ಬೇಕಾಗಿಯೂ ಇರಲಿಲ್ಲ.

ಸದ್ದನ್ನು ಕಣ್ಣಿಂದ ನೋಡುವುದು ಹೇಗೆ? ಇವತ್ತಾದರೆ ಆಸಿಲೋಸ್ಕೋಪ್ ಇದೆ. ಅದರ ಬೇರು ಜರ್ಮನಿಯ ಬ್ರೌನ್ 1897ರಲ್ಲಿ ಮಾಡಿದ ಕೊಳವೆಯಲ್ಲಿದೆ. ಪ್ರಯೋಗಾಲಯದ ಮೇಜಿಗೆ ಅದು ಸಾಮಾನ್ಯ ಉಪಕರಣವಾಗಿ ಬಂದದ್ದು ಬಹಳ ತಡವಾಗಿ. ರಾಮನ್ ಬಳಸಿದ್ದು ಬೆಳಕು, ಕಿರಿದಾದ ಒಂದು ಸೀಳು, ಸರಿಯುವ ಫೋಟೋ ತಟ್ಟೆ. ಸೀಳಿಗೆ ಅಡ್ಡವಾಗಿ ನಿಂತ ತಂತಿಯ ನೆರಳು ತಟ್ಟೆಯ ಮೇಲೆ ಚುಕ್ಕೆಯಾಗಿ ಬೀಳುತ್ತದೆ. ತಂತಿ ಕಂಪಿಸುವಾಗ ತಟ್ಟೆ ಸರಿದರೆ ಆ ಚುಕ್ಕೆ ಅಲೆಯಾಗಿ ಎಳೆಯುತ್ತದೆ. ಮನುಷ್ಯನ ಕೈ ಪ್ರತಿ ಸಾರಿ ಒಂದೇ ಒತ್ತಡ ಕೊಡಲಾರದೆಂದು ಪಿಟೀಲು ನುಡಿಸುವ ಯಂತ್ರವನ್ನೇ ಕಟ್ಟಿಕೊಂಡರು. 1918ರಲ್ಲಿ ಪಿಟೀಲಿನ ಬಗ್ಗೆ ದೊಡ್ಡ ಪ್ರಬಂಧ ಹೊರತಂದರು. ಅದಕ್ಕೆ ಹಿಂದಿನ ವರ್ಷವಷ್ಟೇ, ಸರಕಾರಿ ಹುದ್ದೆ ಬಿಟ್ಟು ಕಡಿಮೆ ಸಂಬಳಕ್ಕೆ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. ಹತ್ತು ವರ್ಷದ ಸರಕಾರಿ ನೌಕರಿಯನ್ನು ಹಾಗೆ ಬಿಡುವುದು ಎಂಥ ಮಾತು ಎಂದು ನಮ್ಮ ಕಡೆಯ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ಹತ್ತಿರ ಈಗ ಹವ್ಯಾಸಕ್ಕೆಂದು ಒಂದು ಪುಟ್ಟ ಮಾಡ್ಯುಲರ್ ಸಿಂಥಸೈಜರ್ ಇದೆ. ಸ್ವರ ಹುಟ್ಟಿಸುವ ಪೆಟ್ಟಿಗೆ ಬೇರೆ, ಸೋಸುವ ಪೆಟ್ಟಿಗೆ ಬೇರೆ. ನಡುವೆ ವೈರು ಸಿಕ್ಕಿಸಿ ನಾದ ಕಟ್ಟಿಕೊಳ್ಳಬೇಕು. ಅದರ ಹೊರಹರಿವನ್ನು ಆಸಿಲೋಸ್ಕೋಪಿನ ತುದಿಗೆ, ಗ್ರೌಂಡನ್ನು ಗ್ರೌಂಡಿಗೆ ಜೋಡಿಸಿ, ಚಿತ್ರ ಓಡದಂತೆ ಟ್ರಿಗರ್ ಹೊಂದಿಸಿದರೆ ಅಲೆ ಪರದೆಯ ಮೇಲೆ ನಿಲ್ಲುತ್ತದೆ. 440 ಹರ್ಟ್ಸ್ ಸ್ವರವಾದರೆ ಒಂದು ಅಲೆಗೆ 2.27 ಮಿಲಿಸೆಕೆಂಡು. ಅದರಲ್ಲಿ ಗರಗಸದ ಹಲ್ಲಿನಂಥ ಒಂದು ಅಲೆಯುಂಟು: ನಿಧಾನ ಏರಿಕೆ, ದಿಢೀರ್ ಇಳಿತ. ಪಿಟೀಲಿನಲ್ಲಿ ಕಮಾನು ತಂತಿಯನ್ನು ಅಂಟಿಸಿಕೊಂಡು ಎಳೆಯುತ್ತದೆ, ತಂತಿ ತಟ್ಟನೆ ಜಾರಿ ಹಿಂದಕ್ಕೆ ಬರುತ್ತದೆ. ಅದೇ ಹಲ್ಲು! ಸಿಂಥಸೈಜರಿನಲ್ಲಿ ಪಿಟೀಲಿನಂಥ ದನಿ ಕಟ್ಟುವವರು ಹೆಚ್ಚಾಗಿ ಈ ಅಲೆಯಿಂದಲೇ ಶುರು ಮಾಡುತ್ತಾರೆ. ನಾನು ಗುಂಡಿ ತಿರುವಿ ನೋಡುವುದನ್ನು ರಾಮನ್ ಕತ್ತಲ ಕೋಣೆಯಲ್ಲಿ ತಟ್ಟೆ ತೊಳೆದು ನೋಡುತ್ತಿದ್ದರು.

ವೀಣೆ, ತಂಬೂರಿಗಳ ಬಗ್ಗೆ ಅವರು ಕಂಡದ್ದು ಇನ್ನೂ ಸ್ವಾರಸ್ಯ. ಸಾಮಾನ್ಯ ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ, ಆ ಜಾಗದಲ್ಲಿ ಅಲುಗದೆ ಇರುವ ಎರಡನೆಯ ಉಪಸ್ವರ ಏಳಬಾರದು. ಇದು ಯುರೋಪಿನ ಪಂಡಿತರ ನಿಯಮ. ತಂಬೂರಿಯಲ್ಲಿ ಅದು ಏಳುತ್ತದೆ! ಕಾರಣ ಅಗಲವಾಗಿ, ಬಾಗಿದಂತಿರುವ ಕುದುರೆ, ಮತ್ತು ತಂತಿಯಡಿ ಸಿಕ್ಕಿಸುವ ನೂಲಿನ ಎಳೆ. ಸಂಗೀತಗಾರರು ಆ ಗುಂಯ್‌ಗುಡುವಿಕೆಗೆ ಜವಾರಿ ಎನ್ನುತ್ತಾರೆ. ನಮ್ಮ ಜವಾರಿ ಕೋಳಿಗೂ ಇದಕ್ಕೂ ಸಂಬಂಧವಿಲ್ಲ ಬಿಡಿ.

ಇನ್ನು ಚರ್ಮವಾದ್ಯ. ಬರೀ ಬಿಗಿದ ಚರ್ಮವನ್ನು ಬಡಿದರೆ ಮೂಲಸ್ವರದ ಮೇಲೆ 1.59, 2.14, 2.30 ಪಟ್ಟು, ಹೀಗೆ ಹೊಂದಿಕೆಯಿಲ್ಲದ ಸ್ವರಗಳು ಏಳುತ್ತವೆ. ಮೃದಂಗ, ತಬಲಾಗಳಲ್ಲಿ ನಡುವಿನ ಕಪ್ಪು ಕರಣೆಯ ಭಾರ ಅವನ್ನು ಹೆಚ್ಚುಕಡಿಮೆ 1, 2, 3, 4, 5ರ ಸಾಲಿಗೆ ತರುತ್ತದೆ. ಇದನ್ನು ರಾಮನ್ 1920ರಲ್ಲಿ ಪ್ರಕಟಿಸಿದರು, 1934ರಲ್ಲಿ ಬೆಂಗಳೂರಿನಿಂದ ವಿಸ್ತಾರವಾಗಿ ಬರೆದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಅದು ಎಲ್ಲಿ ಕೂಡುತ್ತದೆಂದು ನೋಡುವುದೇ ಪ್ರಯೋಗ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಮೊಹರಂ ಹಲಗೆಯನ್ನೂ ಭಜನೆಯ ತಬಲಾವನ್ನೂ ಕೇಳಿದವರಿಗೆ ಈ ವ್ಯತ್ಯಾಸ ಕಿವಿಯಲ್ಲೇ ಇದೆ. ಕರಣೆಯಿಲ್ಲದ ಹಲಗೆ ಎದೆ ನಡುಗಿಸುತ್ತದೆ, ಹಾರ್ಮೋನಿಯಂ ಜೊತೆ ಶ್ರುತಿಗೆ ಕೂಡುವುದಿಲ್ಲ, ತಬಲಾ ಕೂಡುತ್ತದೆ. ಇದನ್ನು ಕಂಡುಕೊಂಡ ಹಿಂದಿನವರ ಜ್ಞಾನವನ್ನು ರಾಮನ್ ಮನಸಾರೆ ಮೆಚ್ಚಿದರು. ಆ ಮೆಚ್ಚುಗೆ ಇವತ್ತಿಗೂ ಅನ್ನ ಮತ್ತು ಕಪ್ಪು ಪುಡಿ ಅರೆದು, ಪದರದ ಮೇಲೆ ಪದರ ತಿಕ್ಕುತ್ತ ಕೂತಿರುವ ಮನೆಗಳಿಗೆ ಸಲ್ಲಬೇಕು. ಚರ್ಮದ ಕೆಲಸವೆಂದು ಆ ಮನೆಯವರನ್ನು ದೂರ ಕೂರಿಸಿದ ಊರುಗಳಲ್ಲೇ ನಾವೂ ಬೆಳೆದಿದ್ದೇವೆ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1937ರಲ್ಲಿ ಆ ಹುದ್ದೆ ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ಇದ್ದರು. ಇಲ್ಲಿಯೂ ನಾದ ಅವರನ್ನು ಬಿಡಲಿಲ್ಲ. ನಾಗೇಂದ್ರನಾಥರ ಜೊತೆಗೂಡಿ 1935ರಿಂದ ಬರೆದ ಪ್ರಬಂಧಗಳಲ್ಲಿ, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳು ದ್ರವದಲ್ಲಿ ಹಾಯುವಾಗ ಬೆಳಕನ್ನು ಹೇಗೆ ಹಲವು ಗೆರೆಗಳಾಗಿ ಸೀಳುತ್ತವೆಂದು ಲೆಕ್ಕ ಹಾಕಿ ತೋರಿಸಿದರು. ನಂತರ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿ, ಕೊನೆಯವರೆಗೂ ಅಲ್ಲಿ ದುಡಿದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಆ ಸಂಸ್ಥೆಯ ಆವರಣದಲ್ಲೇ ದಹನ ನಡೆಯಿತು. ಆ ಜಾಗದಲ್ಲಿ ಒಂದು ಮರ ನೆಟ್ಟಿದ್ದಾರೆ.