ಥಾಮಸ್ ಪೇನ್

ಕ್ರಾಂತಿಯನ್ನು ಗೆಲ್ಲಿಸುವುದು ಕಷ್ಟ. ಗೆದ್ದ ಮೇಲೆ ಅದರ ಆದರ್ಶವನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಥಾಮಸ್ ಪೇನನ ಜೀವನಚರಿತ್ರೆಯಿಂದ ನಾವು ಕಲಿಯತಕ್ಕ ಪಾಠವಿದು.

ಪೇನನು 1737ರಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್ ಎಂಬ ಊರಿನ ಬಡ ಕುಟುಂಬದಲ್ಲಿ ಜನಿಸಿದನು. ಸುಂಕದ ಇಲಾಖೆಯ ಕೆಲಸವನ್ನು ಕಳೆದುಕೊಂಡು, 1774ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರವನ್ನು ಸೇರಿದನು. 1776ರ ಜನವರಿಯಲ್ಲಿ ಅವನ ‘ಕಾಮನ್ ಸೆನ್ಸ್’ ಎಂಬ ಕಿರುಹೊತ್ತಗೆ ಹೊರಬಂದಿತು. ವಂಶಪಾರಂಪರ್ಯದ ಅರಸೊತ್ತಿಗೆಯನ್ನು ಧಿಕ್ಕರಿಸಿ ಪೂರ್ಣ ಸ್ವಾತಂತ್ರ್ಯವನ್ನು ಸಾರಿದ ಆ ಹೊತ್ತಗೆಯನ್ನು ಜನಸಾಮಾನ್ಯರು ಆದರದಿಂದ ಓದಿದರು. ಅದೇ ಜುಲೈ ತಿಂಗಳಲ್ಲಿ ಅಮೆರಿಕವು ಸ್ವಾತಂತ್ರ್ಯವನ್ನು ಘೋಷಿಸಿತು.

ಯುದ್ಧವು 1783ರಲ್ಲಿ ಮುಗಿಯಿತು. ವ್ಯಾಪಾರ ಬೆಳೆಯಿತು, ಭೂಮಿಯ ಆಸೆ ಹೆಚ್ಚಿತು. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ನಾಡೇ 1787ರ ಸಂವಿಧಾನದಲ್ಲಿ ಗುಲಾಮಗಿರಿಗೆ ಎಡೆಗೊಟ್ಟಿತು; 1808ರವರೆಗೆ ಗುಲಾಮರ ಆಮದನ್ನು ನಿಷೇಧಿಸಕೂಡದೆಂದು ವಿಧಿಸಿತು. ಆಸ್ತಿಯಿಲ್ಲದ ಅನೇಕರಿಗೆ ಮತದ ಹಕ್ಕೂ ದೊರೆಯಲಿಲ್ಲ.

ಪೇನನು ಮಾತ್ರ ಬದಲಾಗಲಿಲ್ಲ. ಫ್ರಾನ್ಸಿನ ಕ್ರಾಂತಿಯನ್ನು ಸಮರ್ಥಿಸಿ ‘ರೈಟ್ಸ್ ಆಫ್ ಮ್ಯಾನ್’ ಗ್ರಂಥವನ್ನು ಬರೆದು, 1792ರಲ್ಲಿ ಅಲ್ಲಿಯ ರಾಷ್ಟ್ರೀಯ ಸಭೆಗೆ ಆಯ್ಕೆಯಾದನು. ಅರಸೊತ್ತಿಗೆ ಅಳಿಯಲಿ, ಅರಸನ ಪ್ರಾಣ ಉಳಿಯಲಿ ಎಂಬುದು ಅವನ ನಿಲುವು. ಆದರೆ ಕ್ರಾಂತಿಯು ಭಯದ ಆಳ್ವಿಕೆಗೆ ತಿರುಗಿತು. 1793ರ ಡಿಸೆಂಬರಿನಲ್ಲಿ ಅವನೇ ಸೆರೆಮನೆ ಸೇರಿ ಹತ್ತು ತಿಂಗಳಿಗೂ ಹೆಚ್ಚು ಕಾಲ ಅಲ್ಲಿ ಕಳೆದನು. ಬಿಡುಗಡೆಯಾದ ಬಳಿಕವೂ ಅವನ ಲೇಖನಿ ಬಡವರನ್ನು ಮರೆಯಲಿಲ್ಲ. ಪಿತ್ರಾರ್ಜಿತ ಆಸ್ತಿಯ ಮೇಲೆ ತೆರಿಗೆ ವಿಧಿಸಿ, 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡುಗಳನ್ನೂ 50 ದಾಟಿದವರಿಗೆ ವರ್ಷಕ್ಕೆ 10 ಪೌಂಡುಗಳನ್ನೂ ಕೊಡಬೇಕೆಂದು 1797ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಸೂಚಿಸಿದನು.

1802ರಲ್ಲಿ ಅಮೆರಿಕಕ್ಕೆ ಮರಳಿದಾಗ, ಸಾಂಪ್ರದಾಯಿಕ ಧರ್ಮವನ್ನು ಟೀಕಿಸಿದವನೆಂದು ಜನ ಅವನನ್ನು ದೂರವಿಟ್ಟರು. 1806ರಲ್ಲಿ ನ್ಯೂ ರೋಷೆಲ್ ಎಂಬ ಊರಿನ ಚುನಾವಣಾಧಿಕಾರಿಗಳು ಅವನನ್ನು ಅಮೆರಿಕದ ಪೌರನಲ್ಲವೆಂದು ಹೇಳಿ ಮತದಾನಕ್ಕೆ ಅವಕಾಶ ಕೊಡಲಿಲ್ಲ. ಆ ದೇಶದ ಸ್ವಾತಂತ್ರ್ಯಕ್ಕೆ ಜನರ ಮನಸ್ಸನ್ನು ಅಣಿಗೊಳಿಸಿದವನಿಗೆ ದೊರೆತ ಮನ್ನಣೆ ಇದು! 1809ರ ಜೂನ್ 8ರಂದು ಅವನು ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯ ಮಂದಿ.

ಆದರೂ ಬೀಜ ಸಾಯಲಿಲ್ಲ. 1847ರ ಸುಮಾರಿಗೆ ಪುಣೆಯ ತರುಣ ಜ್ಯೋತಿಬಾ ಫುಲೆಯವರು ‘ರೈಟ್ಸ್ ಆಫ್ ಮ್ಯಾನ್’ ಓದಿದರು. ಮರುವರ್ಷವೇ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಆದರ್ಶಗಳನ್ನು ಕೆಡಿಸುವವರು ಶತ್ರುಗಳು ಮಾತ್ರವಲ್ಲ. ಗೆಲುವಿನ ಫಲವನ್ನುಂಡು ಅದರ ಉದ್ದೇಶವನ್ನು ಮರೆತವರೂ ಹೌದು. ಸ್ವತಂತ್ರ ದೇಶದಲ್ಲಿ ಹುಟ್ಟಿದ ನಾವು ಆ ಸಾಲಿಗೆ ಸೇರದಿರೋಣ.